ಹೊಗೆ ಇರುವಷ್ಟು ಹೊತ್ತು

ಬಸ್ಸು ಕಲ್ಯಾಣಿ ಪೇಟೆಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಹುಮನಾಬಾದಿನ ತನಕ ಬಂದರೂ ಅಲ್ಲಿಂದ ನಮ್ಮೂರಿಗೆ ಎತ್ತಿನ ಬಂಡಿ ಸಿಗದೇ ಹೋಗಬಹುದಿತ್ತು. ಬಂಡಿ ಸಿಕ್ಕು, ಹಳ್ಳದ ಕೆಸರಿನಲ್ಲಿ ಗಾಲಿ ಹೂತುಕೊಳ್ಳಬಹುದಿತ್ತು. ಬಂಡಿ ಸರಿಯಾಗಿ ಬಂದು, ಖಾಲಾ ಅದರಲ್ಲಿ ಇಲ್ಲದಿರಬಹುದಿತ್ತು. ಇದ್ದರೆ, ಬಾವಿಕಟ್ಟೆಯ ಮೇಲಿನ ಹೆಂಗಸರಲ್ಲಿ ಯಾರಾದರೂ ಒಬ್ಬಳು ಬಾಯಿ ತೆರೆದುಬಿಡಬಹುದಿತ್ತು. ಕಾಕಿ ನೀರನ್ನು ಅಂಗಳದಲ್ಲೇ ಇಟ್ಟು ಒಳಗೆ ಹೋಗಿಬಿಡಬಹುದಿತ್ತು. ಕಾಕಾ ಎರಡು ವರ್ಷದಿಂದ ಹೇಳುತ್ತಿದ್ದ ಮಾತನ್ನು ಅವಳೆದುರೇ ಹೇಳಬಹುದಿತ್ತು. ಕೆಂಡ ಹತ್ತದೇ ಇರಬಹುದಿತ್ತು. ಹತ್ತಿದರೂ ಮಣ್ಣಿನ ಊದಾನಿ ಕಾವಿಗೆ ಸೀಳಬಹುದಿತ್ತು. ಆಯಿ ಗುಡ್ಡದ ಅರ್ಧ ದಾರಿಯಲ್ಲೇ ಕಣ್ಣು ಮುಚ್ಚಬಹುದಿತ್ತು. ಖಾಲಾಗೆ ನನ್ನ ಗುರುತೇ ಹತ್ತದಿರಬಹುದಿತ್ತು, ಎರಡು ವರ್ಷದಲ್ಲಿ ನಾನು ಒಂದು ಗೇಣು ಬೆಳೆದಿದ್ದೆ. ಇವೆಲ್ಲಕ್ಕಿಂತ ದೊಡ್ಡದು ಬೇರೆ ಇತ್ತು: ಗುರುತು ಹತ್ತಿ, ಎಲ್ಲರೆದುರು ಎರಡು ರೊಟ್ಟಿಯ ಮಾತು ಏಳಬಹುದಿತ್ತು.

ಈ ಪಟ್ಟಿ ಕಟ್ಟಿಕೊಂಡು ನಾನು ನಮ್ಮ ಮನೆಯ ಹೊರಗಟ್ಟೆಯ ಮೇಲೆ ಕೂತಾಗ ನನಗೆ ಹತ್ತು ವರ್ಷ. ಈಗ ಐವತ್ತು ದಾಟಿದೆ. ಮಗಳು ಸಂತೆಗೆ ಹೋಗಿ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಆಕೆಯನ್ನು ಲಾರಿಯ ಕೆಳಗೆ ಹಾಕಿ, ದವಾಖಾನೆಗೆ ಸೇರಿಸಿ, ಅಲ್ಲಿಯ ಡಾಕ್ಟರ ಜೊತೆ ಜಗಳವನ್ನೂ ಆಡಿ ಮುಗಿಸಿರುತ್ತೇನೆ. ಆಕೆ ಮೆಂತ್ಯಸೊಪ್ಪು ಹಿಡಿದು ಬಾಗಿಲಲ್ಲಿ ನಿಂತರೆ ಅವಳನ್ನೇ ಬೈಯುತ್ತೇನೆ. ಈ ಸ್ವಭಾವ ನಿನಗೆ ಎಲ್ಲಿಂದ ಬಂತು ಎಂದು ಮನೆಯವರು ಕೇಳುತ್ತಾರೆ. ಬಂದದ್ದು ಎಲ್ಲಿಂದ ಎಂದು ನನಗೆ ಚೆನ್ನಾಗಿ ಗೊತ್ತು, ಹೇಳಿಲ್ಲ ಅಷ್ಟೇ.

ನಮ್ಮದು ದುಬಲಗುಂಡಿಗೆ ಹೋಗುವ ದಾರಿಯ ಬದಿಯ ಒಂದು ಸಣ್ಣ ಊರು. ಊರಿನ ಕೊನೆಯ ಎರಡು ಮನೆಗಳಲ್ಲಿ ಒಂದು ನಮ್ಮದು, ಇನ್ನೊಂದು ಖಾಲಾನದು, ನಡುವೆ ಒಂದು ಮೋಟುಗೋಡೆ. ಅವುಗಳ ಹಿತ್ತಲಿನಿಂದಲೇ ಗುಡ್ಡ ಏಳುತ್ತಿತ್ತು. ಗುಡ್ಡ ಎಂದರೆ ನಿಜವಾದ ಗುಡ್ಡ ಕಂಡವರು ನಗುತ್ತಾರೆ. ಒಂದು ಚಿಲುಮೆ ಸೇದಿ ಮುಗಿಸುವಷ್ಟರಲ್ಲಿ ತುದಿ ಮುಟ್ಟಬಹುದು. ಆದರೆ ಸುತ್ತಲೂ ಬಯಲೇ ಇರುವಲ್ಲಿ ಅಷ್ಟು ಎತ್ತರವೂ ಎತ್ತರವೇ. ತುದಿಯಲ್ಲಿ ಕೆಂಪು ಕಲ್ಲಿನ ಒಂದು ಕೋಣೆ, ಬಗ್ಗಿಯೇ ಒಳಗೆ ಹೋಗಬೇಕಾದ ಬಾಗಿಲು, ಒಳಗೆ ಸೊಂಟದೆತ್ತರದ ಒಂದು ಕಲ್ಲು, ಅದಕ್ಕೆ ಬೆಳ್ಳಿಯ ಎರಡು ಕಣ್ಣು. ಒಂದು ಕಣ್ಣು ತುಸು ದೊಡ್ಡದು, ಹಾಗಾಗಿ ಗುಡ್ಡದವ್ವ ಸದಾ ಏನೋ ಸಂಶಯದಿಂದ ನೋಡುತ್ತಿದ್ದಂತೆ ಇರುತ್ತಿತ್ತು. ಆಕೆ ಎಲ್ಲಿಂದಲೋ ಬಂದು ನೆಲೆಸಿದ ದೇವರಲ್ಲ. ಗುಡ್ಡವೇ ಆಕೆ, ಕಲ್ಲು ಆಕೆಯ ಮುಖ ಮಾತ್ರ, ಎಂದು ಆಯಿ ಹೇಳುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಕಾಕಾ ಅಪ್ಪನ ತಮ್ಮ, ಕಾಕಿ ಅವನ ಹೆಂಡತಿ. ಗುಡ್ಡದ ಮೇಲಿಂದ ಒಂದು ಹರಳನ್ನೂ ಯಾರೂ ಮನೆಗೆ ತರುತ್ತಿರಲಿಲ್ಲ. ನಮ್ಮ ಮನೆಯ ಗೋಡೆಗೆ ಹಿತ್ತಲಿನ ಕಲ್ಲು ಬಿಟ್ಟು ಹಳ್ಳದ ಆಚೆಯಿಂದ ಬಂಡಿಯಲ್ಲಿ ಕಲ್ಲು ಹೇರಿದ್ದರು. ಚಪ್ಪಲಿಯಲ್ಲಿ ಸಿಕ್ಕ ಹರಳನ್ನು ಕೂಡ ನಾನು ಕಿತ್ತು ಮರಳಿ ಗುಡ್ಡದ ಬುಡಕ್ಕೆ ಹಾಕಿ ಬರುತ್ತಿದ್ದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ.

ಪೂಜೆ ನಮ್ಮ ಮನೆಯದು, ಹೊಗೆ ಖಾಲಾನ ಮನೆಯದು. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ, ಆಕೆಯ ಹೆಸರು ಮಾಬೂಬಿ. ಗಂಡ ಇಮಾಮಸಾಬ ಪಿಂಜಾರ, ಕಮಾನು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ ಅರಳೆ ಹಿಂಜಿ ಗಾದಿ ತುಂಬುವವನು. ಪ್ರತಿ ಮಂಗಳವಾರ ಮುಂಜಾನೆ ಗುಡ್ಡದವ್ವನ ಮುಂದೆ ಊದು ಹಾಕುವುದು ಆ ಮನೆಯ ಹೆಂಗಸಿನ ಕೈಯಿಂದಲೇ ಆಗಬೇಕು. ಆಕೆಯ ಅತ್ತೆ ಹಾಕುತ್ತಿದ್ದಳು, ಅತ್ತೆಯ ಅತ್ತೆ ಹಾಕುತ್ತಿದ್ದಳು. ಯಾಕೆ ಎಂದರೆ ಆಯಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಬೇಡುವವರ ಮುಖ ನೋಡುವುದು ಗುಡ್ಡದವ್ವಗೆ ಸೇರುವುದಿಲ್ಲ. ಊದಿನ ಹೊಗೆ ಎದ್ದು ಆಕೆಯ ಕಣ್ಣು ಮುಚ್ಚಿದಾಗ ನಮಗೆ ಬೇಕಾದ್ದನ್ನು ಮನಸ್ಸಿನಲ್ಲಿ ಕೇಳಬೇಕು. ಹೊಗೆ ತಿಳಿಯಾಗಿ ಬೆಳ್ಳಿ ಹೊಳೆಯಿತೋ, ಕೇಳುವುದು ಮುಗಿಯಿತು, ಆಮೇಲೆ ಆರತಿ. ಉಳಿದ ಮಕ್ಕಳು ಬೆಲ್ಲ, ಹೊಸ ಲಂಗ ಎಂದು ಎರಡು ಉಸಿರಿನಲ್ಲಿ ಕೇಳಿ ಕಣ್ಣು ಬಿಡುತ್ತಿದ್ದರು. ನನ್ನದು ಹಾಗಲ್ಲ. ಆಯಿ ಸಾಯಬಾರದು, ಖಾಲಾ ಸಾಯಬಾರದು, ಎಮ್ಮೆ ಸಾಯಬಾರದು, ಮಾಡಿನ ತೊಲೆ ಬೀಳಬಾರದು, ಬಿದ್ದರೂ ನಾವು ಅಂಗಳದಲ್ಲಿದ್ದಾಗ ಬೀಳಬೇಕು. ಎಮ್ಮೆಯ ತನಕ ಬರುವಷ್ಟರಲ್ಲಿ ಹೊಗೆ ತೆಳ್ಳಗಾಗುತ್ತಿತ್ತು. ಖಾಲಾ ಓರೆಗಣ್ಣಿನಲ್ಲಿ ನನ್ನ ತುಟಿ ನೋಡುತ್ತಿದ್ದಳು. ಅವು ಇನ್ನೂ ಅಲುಗುತ್ತಿದ್ದರೆ ಮತ್ತೊಂದು ಚಿಟಿಕೆ ಊದು ಕೆಂಡದ ಮೇಲೆ ಬೀಳುತ್ತಿತ್ತು.

"ಅರೆ ಮುನ್ನಿ, ಇನ್ನಾ ಎಷ್ಟ್ ಅದಾವ ನಿಂದು?"

"ತೊಲಿ ಒಂದು ಉಳದದ, ಖಾಲಾ."

"ತೊಲೀನೂ ಕೇಳಿಬಿಡು. ನಾ ಹಾಕಾಕತ್ತೇನಿ."

ಹಿಂದೆ ನಿಂತ ಕಾಕಾ ಕೆಮ್ಮುತ್ತ ಗೊಣಗುತ್ತಿದ್ದ:

"ಈ ಹುಡುಗೀದು ಮುಗಿಯೂ ಮಟ ನಾವೆಲ್ಲ ಹೊಗ್ಯಾಗ ಬಾಡಬೇಕೇನು?"

ನಾನು ಹುಟ್ಟಿದಾಗ ನನ್ನ ಅವ್ವ ಹೋದಳು. ಅದಕ್ಕೆ ಒಂದು ವಾರ ಮೊದಲು ಖಾಲಾನ ಕೂಸು ಹೋಗಿತ್ತು. ಆಯಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಮೋಟುಗೋಡೆಯ ಮೇಲಿಂದ ಆಚೆ ಕೊಟ್ಟಳಂತೆ. ಬಾಗಿಲು ಸುತ್ತಿ ಹೋಗುವಷ್ಟೂ ವ್ಯವಧಾನ ಇರಲಿಲ್ಲ, ನಾನು ಅಷ್ಟು ಜೋರು ಅಳುತ್ತಿದ್ದೆನಂತೆ. ಒಂದೂವರೆ ವರ್ಷ ಖಾಲಾನ ಹಾಲು ಕುಡಿದೆ. ಅಪ್ಪ ಹುಮನಾಬಾದಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದು ಅಮಾವಾಸ್ಯೆಗೊಮ್ಮೆ ಬಂದು ನನ್ನ ತಲೆ ಮುಟ್ಟಿ ನೋಡಿ ಹೋಗುತ್ತಿದ್ದ, ಪೇಟೆಯಲ್ಲಿ ಕುಂಬಳಕಾಯಿ ಮುಟ್ಟಿ ನೋಡುವ ಹಾಗೆ. ನನ್ನ ತಲೆಗೆ ಎಣ್ಣೆ ಹಾಕಿದವಳು, ಹೇನು ತೆಗೆದವಳು, ಕಿವಿ ಚುಚ್ಚುವಾಗ ಕಣ್ಣು ಮುಚ್ಚಿ ಹಿಡಿದವಳು ಖಾಲಾ. ಮಧ್ಯಾಹ್ನದ ಹೊತ್ತು ಇಮಾಮಸಾಬನ ಕಮಾನು ಡಂಯ್ ಡಂಯ್ ಎನ್ನುತ್ತ ಅರಳೆ ಹಾರಿಸುವಾಗ ಆ ಮನೆಯಲ್ಲಿ ನಾನು, ಖಾಲಾ ಇಬ್ಬರೂ ನೆರೆತ ಮುದುಕಿಯರಾಗಿ ಕೂತಿರುತ್ತಿದ್ದೆವು.

ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಖಾಲಾಗೆ ಒಂದು ತಾಟು ಬೇರೆ ಇತ್ತು. ಹಿತ್ತಲಿನ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಆಕೆಯೇ ತೆಗೆದುಕೊಂಡು, ಅಂಗಳದಲ್ಲಿ ಉಂಡು, ತೊಳೆದು ಮತ್ತೆ ಅಲ್ಲಿಯೇ ಇಡುತ್ತಿದ್ದಳು. ಮಾಡಿನ ತೊಲೆಯ ಬಗ್ಗೆ ಅಷ್ಟು ಚಿಂತಿಸಿದ ನಾನು ಆ ತಾಟಿನ ಬಗ್ಗೆ ಒಂದು ದಿನವೂ ಚಿಂತಿಸಲಿಲ್ಲ. ಕಾಕಿ ಮಾತ್ರ ಅದಕ್ಕಾಗಿ ಆಯಿಯ ಜೊತೆ ಜಗಳಾಡುತ್ತಿದ್ದಳು, ತಾಟು ಗೂಡಿನಲ್ಲಿದ್ದರೂ ಸಾಲದು, ಗೋಡೆಯ ಆಚೆ ಇರಲಿ ಎಂದು. ಅದೇ ಕಾಕಿ, ರಂಜಾನಿಗೆ ಖಾಲಾ ಕಳಿಸಿದ ಶಾವಿಗೆಯ ಸುರಕುಂಬಾವನ್ನು "ಹುಡುಗಿಗಿ ಥಂಡಿ ಆಗತದ" ಎಂದು ನನ್ನ ಕೈಯಿಂದ ಕಿತ್ತುಕೊಂಡು, ಕದದ ಹಿಂದೆ ನಿಂತು ತಾನೇ ಕುಡಿಯುತ್ತಿದ್ದಳು. ಮೀಸೆಯ ಜಾಗದಲ್ಲಿ ಹಾಲಿನ ಗೆರೆ ಹಾಗೇ ಇರುತ್ತಿತ್ತು.

ಆಮೇಲೆ ಅಂಜಿಕೆಯ ಕಾಲ ಬಂತು. ಒಂದು ವರ್ಷ ನಿಜಾಮನ ಕಡೆಯ ಗುಂಪುಗಳಿಗೆ ನಾವು ಅಂಜಿದೆವು. ಸಂಜೆಯಾಗುತ್ತಲೇ ಕದ ಹಾಕಿ ದೀಪ ಸಣ್ಣದು ಮಾಡಿ ಕೂರುತ್ತಿದ್ದೆವು, ಆಗ ಇಮಾಮಸಾಬ ತನ್ನ ಮಂಚ ತಂದು ನಮ್ಮ ಅಂಗಳದಲ್ಲಿ ಹಾಕಿಕೊಂಡು ಮಲಗುತ್ತಿದ್ದ. ಮರುವರ್ಷ ದಿಲ್ಲಿಯ ಫೌಜು ಬಂದು ನಿಜಾಮನ ರಾಜ್ಯ ಮುಗಿಯಿತು, ಅಂಜುವ ಸರದಿ ಖಾಲಾನ ಮನೆಯವರದಾಯಿತು. ನಮ್ಮಿಂದ ಯಾರೂ ಮಂಚ ತೆಗೆದುಕೊಂಡು ಹೋಗಿ ಅವರ ಅಂಗಳದಲ್ಲಿ ಮಲಗಲಿಲ್ಲ. ಉದ್ದಿನ ರಾಶಿಯ ದಿನಗಳು. ಯಾವುದೋ ಊರಿನಲ್ಲಿ ಮದುವೆಯ ಗಾದಿ ಅರ್ಧ ತುಂಬಿ ಬಂದಿದ್ದೇನೆ, ಮಾತು ಕೊಟ್ಟಿದ್ದೇನೆ ಎಂದು ಇಮಾಮಸಾಬ ಹೋದ. ಮೂರನೆಯ ದಿನ ಮುಂಜಾನೆ ಆತನ ಕಮಾನು ಬಾವಿಕಟ್ಟೆಗೆ ಆನಿಕೊಂಡು ನಿಂತಿತ್ತು. ಆತ ಬರಲಿಲ್ಲ. ಕಮಾನು ತಂದಿಟ್ಟವರು ಯಾರು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಅಂದೇ ಮಧ್ಯಾಹ್ನ ಬೇರೆ ಊರಿನ ಹತ್ತು ಹನ್ನೆರಡು ಮಂದಿ ಪಿಂಜಾರರ ಮನೆ ಯಾವುದು ಎಂದು ಕೇಳುತ್ತ ಬಂದರು.

ಕಾಕಿ ನಮ್ಮ ಮನೆಯ ಅಗಳಿ ಹಾಕಿದಳು. ಆಯಿ ಎದ್ದು ಅದನ್ನು ತೆಗೆದಳು, ಮೋಟುಗೋಡೆಯ ಹತ್ತಿರ ಹೋಗಿ ಖಾಲಾನ ಕೈ ಹಿಡಿದಳು, ಹಿತ್ತಲಿನಿಂದ ನೇರ ಗುಡ್ಡ ಹತ್ತಿಸಿ ಗುಡ್ಡದವ್ವನ ಕೋಣೆಯೊಳಗೆ ಕೂಡಿಸಿ ಬಂದಳು. ಬಂದವಳು ಅಂಗಳದಲ್ಲಿ ನಿಂತು ಆ ಮಂದಿಗೆ ಹೇಳಿದ್ದನ್ನು ನಾನು ಕಣಜದ ಹಿಂದಿನಿಂದ ಕೇಳಿದೆ:

"ಆಕಿ ಅವ್ವಗ ಹೊಗಿ ಹಾಕಾಕಿ. ಅವ್ವನ ಮುಂದ ಕುಂತಾಳ. ಯಾರಿಗಿ ಬೇಕೋ ಅವರು ಹೋಗಿ ಅವ್ವನ್ನ ಕೇಳಿ ಕರ್ಕೊಂಡು ಬರ್ರಿ."

ಯಾರೂ ಹತ್ತಲಿಲ್ಲ. ಹೋಗಲೂ ಇಲ್ಲ, ಹೊಲದ ಬದುಗಳಲ್ಲಿ ಅಲ್ಲಲ್ಲಿ ಸುಳಿದಾಡುತ್ತಿದ್ದರು. ಎರಡು ದಿನ ಆಯಿಯೇ ಊಟ ಒಯ್ದಳು. ಮೂರನೆಯ ದಿನ ಆಕೆಯ ಮೊಣಕಾಲು ಬಾತು ಏಳಲಾಗಲಿಲ್ಲ. ಕಾಕಾ ಎಮ್ಮೆಗೆ ಮೇವು ಹಾಕುವ ನೆವದಲ್ಲಿ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ. ಆಗ ಆಯಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿ, ಒಂದು ತಂಬಿಗೆ ನೀರು ಕೊಟ್ಟು ನನ್ನನ್ನು ಕಳಿಸಿದಳು. ಸಣ್ಣ ಹುಡುಗಿಯನ್ನು ಯಾರೂ ಏನೂ ಅನ್ನುವುದಿಲ್ಲ ಎಂದು.

ಅರ್ಧ ದಾರಿಯಲ್ಲಿ ದೊಡ್ಡ ಬಂಡೆಯ ಆಚೆ ಮೂವರು ಗಂಡಸರು ಕೂತು ಬೀಡಿ ಸೇದುತ್ತಿದ್ದರು. ದನ ಕಾಯುವವರೇ ಇದ್ದಿರಬಹುದು. ಹತ್ತಿರ ದನ ಇದ್ದವೇ ಎಂದು ನೋಡುವಷ್ಟು ನಾನು ನಿಲ್ಲಲಿಲ್ಲ. ಅವರು ನನ್ನ ಕಡೆ ತಿರುಗಿಯೂ ಇರಲಿಲ್ಲ. ಆದರೆ ಅಷ್ಟರೊಳಗೆ ಅವರು ನನ್ನನ್ನು ಹಿಡಿದಿದ್ದರು, ರೊಟ್ಟಿ ಯಾರಿಗೆ ಎಂದು ಕೇಳಿದ್ದರು, ನಾನು ಹೇಳಿದ್ದೆ, ಅವರು ಮೇಲೆ ಹೋಗಿದ್ದರು. ಎಲ್ಲವೂ ನನ್ನ ತಲೆಯೊಳಗೆ ಆಗಿ ಮುಗಿದಿತ್ತು. ಗಂಟು, ತಂಬಿಗೆ ಎರಡನ್ನೂ ಒಂದು ತರವಡ ಗಿಡದ ಬುಡಕ್ಕೆ ಸರಿಸಿದೆ. ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೆಳಗೆ ಬೇಲಿಯ ಮರೆಯಲ್ಲಿ ಕೂತು, ಮನೆಗೆ ಬಂದೆ.

"ಕೊಟ್ಟೇನ?"

"ಕೊಟ್ಟೆ."

"ಉಂಡಳೇನು?"

"ಉಂಡಳು."

"ಏನಂದಳು?"

"ಹೊಟ್ಟಿ ತುಂಬ್ತು ಅಂದಳು."

ಆಯಿ ಕೇಳಿದ್ದು ಮೂರೇ ಮಾತು. ಮೂರನೆಯದಕ್ಕೆ ನಾನು ಅಷ್ಟು ಸಲೀಸಾಗಿ ಉತ್ತರ ಕೊಟ್ಟದ್ದು ಇಂದಿಗೂ ನನಗೆ ದಿಗಿಲು ಹುಟ್ಟಿಸುತ್ತದೆ. ಮರುದಿನ ಮುಂಜಾನೆ ಮತ್ತೆ ರೊಟ್ಟಿ ಬಡಿಯುವ ಮೊದಲೇ ಕಲ್ಯಾಣಿಯಿಂದ ಖಾಲಾನ ಅಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಗುಡ್ಡದ ಆಚೆಯ ಇಳಿಜಾರಿನಿಂದಲೇ ಆಕೆಯನ್ನು ಕರೆದುಕೊಂಡು ಹೋದ. ನಮ್ಮ ಮನೆಯ ಮುಂದೆ ಹಾಯಲಿಲ್ಲ. ಅಂದರೆ ಖಾಲಾ ಒಂದು ಹಗಲು, ಒಂದು ರಾತ್ರಿ, ಅನ್ನ ನೀರು ಇಲ್ಲದೆ, ಗಂಡ ಬರುವುದಿಲ್ಲ ಎಂದು ತಿಳಿದು, ನಮ್ಮ ಮನೆಯಿಂದ ಇನ್ನು ಯಾರೂ ಬರುವುದಿಲ್ಲ ಎಂದೂ ತಿಳಿದು, ಆ ಎರಡು ಬೆಳ್ಳಿ ಕಣ್ಣುಗಳ ಎದುರು ಕೂತಿದ್ದಳು. ನಾನು ಹೋಗಿ ನೋಡಿದಾಗ ತರವಡದ ಬುಡದಲ್ಲಿ ಗಂಟಿಗೆ ಇರುವೆ ಮುತ್ತಿದ್ದವು. ತಂಬಿಗೆಯ ನೀರು ಹಾಗೇ ಇತ್ತು.

ಮುಂದಿನ ಮಂಗಳವಾರ ಆಯಿ ಆರತಿ ಹಚ್ಚಲಿಲ್ಲ. ಅದರ ಮುಂದಿನ ಮಂಗಳವಾರವೂ ಇಲ್ಲ. ಬರೀ ಕಲ್ಲಿಗೆ ನೀರು ಹಾಕಿ, ತಲೆ ಬಗ್ಗಿಸಿ ನೆಲ ನೋಡುತ್ತ ಹೊರಗೆ ಬರುತ್ತಿದ್ದಳು. ಕಾಕಾಗೆ ಸಿಟ್ಟು ಬಂತು.

"ಹೊಗಿ ಅಂದ್ರ ಹೊಗೀನೇ. ಯಾರ ಕೈಲೆ ಹಾಕಿದ್ರೇನು? ನಿನ್ನ ಸೊಸಿ ಹಾಕ್ತಾಳ ತಗೋ."

"ಹಾಕಲಿ. ನಿಮ್ಮ ಮಾರಿ ಮುಚ್ಚಾಕ ನಿಮ್ಮ ಹೊಗಿ ಸಾಕಾದ್ರ ಹಾಕ್ಕೋರಿ. ನಂದು ಅಷ್ಟಕ್ಕ ಮುಚ್ಚಾಂಗಿಲ್ಲ."

ಕಾಕಿ ಒಂದು ಸಲ ಹಾಕಿಯೂ ನೋಡಿದಳು. ಹೊಗೆ ಚೆನ್ನಾಗಿಯೇ ಎದ್ದಿತು. ಆಯಿ ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ನಾನು ಒಳಗೆ ಕಣ್ಣು ಮುಚ್ಚಿ ನಿಂತು, ಆ ರೊಟ್ಟಿಯ ಮಾತನ್ನು ಹೇಗಾದರೂ ಗುಡ್ಡದವ್ವಗೆ ಹೇಳಿಬಿಡಬೇಕು ಎಂದು ನೋಡಿದೆ. ಬಾಯೊಳಗೆ ಒಂದೂ ಮಾತು ಹೊರಡಲಿಲ್ಲ. ನನ್ನ ತುಟಿ ಅಲುಗುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರೂ ಇರಲಿಲ್ಲ. ಕಾಕಿ ಮತ್ತೆ ಹಾಕಲಿಲ್ಲ. ಕಣ್ಣು ಉರಿಯುತ್ತವೆ ಎಂದಳು. ಹಾಗೆ ಎರಡು ವರ್ಷ ನಮ್ಮ ಗುಡ್ಡದ ಮೇಲೆ ಯಾರೂ ಏನನ್ನೂ ಕೇಳಲಿಲ್ಲ. ಮಳೆ ಬಂತು, ಬೆಳೆ ಬಂತು, ಎಮ್ಮೆ ಕರು ಹಾಕಿತು, ತೊಲೆ ಬೀಳಲಿಲ್ಲ. ಕೇಳದಿದ್ದರೂ ಎಲ್ಲ ನಡೆಯಿತು. ಅದು ನನಗೆ ಇನ್ನಷ್ಟು ಅಂಜಿಕೆ ತಂದಿತು.

ಆಯಿ ಹಾಸಿಗೆ ಹಿಡಿದ ಮೇಲೆ ಅಪ್ಪನನ್ನು ಕರೆಸಿ, ಕಲ್ಯಾಣಿಗೆ ಹೋಗಿ ಮಾಬೂಬಿಯ ಕಾಲು ಹಿಡಿದಾದರೂ ಕರೆದು ಬಾ, ಒಂದು ಸಲ ಹೊಗೆ ಹಾಕಿ ಹೋಗಲಿ, ನಾನು ಒಂದು ಮಾತು ಕೇಳುವುದಿದೆ, ಎಂದಳು. ಅಪ್ಪ ಹೋಗಿ ಬಂದು, ಮಂಗಳವಾರ ಬರುತ್ತೇನೆ ಅಂದಿದ್ದಾಳೆ, ಎಂದ. ಅಂದಿನಿಂದ ಮಂಗಳವಾರದ ತನಕ ನಾನು ಉಂಡದ್ದು ನೆನಪಿಲ್ಲ. ಆಕೆ ಬರಲಿ ಎಂಬ ಆಸೆ ಎಷ್ಟಿತ್ತೋ, ಬಂದು ಆಯಿಗೆ ನಿಜ ಹೇಳಿಬಿಟ್ಟರೆ ಎಂಬ ಭಯ ಅಷ್ಟೇ ಇತ್ತು. ಹೇಳಿದರೂ ಬೈದರೂ ಆಮೇಲೆ ಮೋಟುಗೋಡೆಯ ಆಚೆ ಮತ್ತೆ ಇದ್ದುಬಿಟ್ಟರೆ ಸಾಕು ಎಂದು, ಕೇಳಲು ಹೊಗೆ ಇಲ್ಲದ್ದರಿಂದ, ಬರೀ ಗೋಡೆಗೆ ಹೇಳಿಕೊಂಡೆ.

ಮತ್ತು ಎಲ್ಲವೂ ಸರಿಯಾಯಿತು. ಬಸ್ಸು ಕೆಡಲಿಲ್ಲ. ಗಾಲಿ ಹೂತುಕೊಳ್ಳಲಿಲ್ಲ. ಬಾವಿಯ ಹೆಂಗಸರಲ್ಲಿ ಒಬ್ಬಳು ತನ್ನ ಕೊಡ ಸರಿಸಿ ದಾರಿ ಮಾಡಿದಳು. ಕಾಕಿ ನಮ್ಮ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು ಖಾಲಾನ ಕೈಗೇ ಕೊಟ್ಟಳು. ಕೊಡುವಾಗ ಅರ್ಧ ನೀರು ಚೆಲ್ಲಿದ್ದು ನಿಜ, ಆದರೆ ಕೊಟ್ಟಳು. ಖಾಲಾ ಬಿಳಿ ಸೀರೆಯಲ್ಲಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಮೊದಲಿಗಿಂತ ಗಿಡ್ಡಗೆ ಕಂಡಳು. ಬೆಳೆದದ್ದು ನಾನು ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ತನ್ನ ಹಳೆಯ ಮನೆಯ ಕಡೆ ಆಕೆ ತಿರುಗಿ ನೋಡಲಿಲ್ಲ. ಆಯಿಯನ್ನು ಅಪ್ಪ, ಕಾಕಾ ಮಂಚದ ಸಮೇತ ಗುಡ್ಡದ ಮೇಲೆ ಹೊತ್ತರು. ಕಾಕಾ ತಾನೇ ಕೆಂಡ ಮಾಡಿ ಊದಾನಿಗೆ ತುಂಬಿದ. ಊದಾನಿ ಸೀಳಲಿಲ್ಲ. ಖಾಲಾ ಮೊಣಕಾಲೂರಿ ಕೂತು, ಸೊಂಟದ ಸಂಚಿಯಿಂದ ಊದು ತೆಗೆದು ಹಾಕಿದಳು. ಎರಡು ವರ್ಷದ ಮೇಲೆ ಗುಡ್ಡದವ್ವನ ಆ ಸಂಶಯದ ಕಣ್ಣು ಮುಚ್ಚಿತು.

ಆಯಿ ಏನು ಕೇಳಿದಳೋ ಗೊತ್ತಿಲ್ಲ. ನಾನು ಕೇಳಿದ್ದು ಒಂದೇ, ಖಾಲಾ ಇಲ್ಲೇ ಇರಲಿ. ನನ್ನ ಜೀವಮಾನದಲ್ಲಿ ಅಷ್ಟು ಬೇಗ ನನ್ನ ಪಟ್ಟಿ ಮುಗಿದದ್ದು ಅದೇ ಮೊದಲು.

ಆರತಿ ಆದ ಮೇಲೆ ಆಯಿ ಮಂಚದಿಂದಲೇ ಖಾಲಾನ ಸೆರಗು ಹಿಡಿದಳು.

"ಮಾಬೂಬಿ, ಮೂರನೇ ದಿನ ನಂಗ ಹತ್ತಾಕ ಆಗಲಿಲ್ಲ ನೋಡು. ಈ ಹುಡುಗಿ ಕೈಲೆ ಎರಡು ರೊಟ್ಟಿ ಕಳಿಸಿದ್ದೆ. ಮುಟ್ಟಿದ್ವಿಲ್ಲೋ?"

ನನ್ನ ಕಾಲಿನ ಕೆಳಗೆ ಗುಡ್ಡ ಇರಲಿಲ್ಲ. ಖಾಲಾ ನನ್ನ ಕಡೆ ನೋಡಲಿಲ್ಲ. ಆರುತ್ತಿದ್ದ ಕೆಂಡವನ್ನು ಒಂದು ಕಡ್ಡಿಯಿಂದ ಕೆದರುತ್ತ ಹೇಳಿದಳು:

"ಮುಟ್ಟಿದ್ವ್ರಿ ಆಯಿ. ಬಿಸಿ ಇದ್ವು."

ಆಯಿ ಹಿಡಿದ ಸೆರಗು ಬಿಟ್ಟಳು. ಬಿಸಿ ಇದ್ದವು ಎಂಬ ಆ ಮಾತು ಆಯಿಗೆ ಸಾಕಾಯಿತು. ನನಗೂ, ಆ ಗಳಿಗೆಯಲ್ಲಿ, ಸಾಕಾಯಿತು. ಖಾಲಾ ನನ್ನನ್ನು ಉಳಿಸಿಕೊಂಡಳು, ಅಂದರೆ ಬಿಟ್ಟಿಲ್ಲ, ಅಂದರೆ ಇರುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಕುಣಿಯುವುದೊಂದು ಬಾಕಿ. ಮಂಚ ಹೊತ್ತವರು ಮುಂದೆ ಇಳಿದರು. ಖಾಲಾ ಕೋಣೆಯ ಹೊಸ್ತಿಲ ಹೊರಗೆ ಚಪ್ಪಲಿ ಹಾಕಿಕೊಳ್ಳಲು ಕೂತಳು. ಒಂದು ಚಪ್ಪಲಿ ದೂರ ಹೋಗಿ ಬಿದ್ದಿತ್ತು. ನಾನು ಓಡಿಹೋಗಿ ತಂದೆ, ಆಕೆಯ ಮುಂದೆ ಕೂತು, ಕಾಲಿಗೆ ಹಾಕಲು ಕೈ ಚಾಚಿದೆ. ಖಾಲಾ ಕಾಲು ಹಿಂದಕ್ಕೆ ಎಳೆದುಕೊಂಡಳು. ಸಿಟ್ಟು ಇರಲಿಲ್ಲ. ಬಾವಿಯ ಹತ್ತಿರ ಯಾರಿಗೋ ಹೇಳುವ ಹಾಗೆ, ಮೆತ್ತಗೆ ಹೇಳಿದಳು:

"ಬ್ಯಾಡ್ರಿ. ನೀವ್ಯಾಕ ಮುಟ್ತೀರಿ."

ನನಗೆ ಹತ್ತು ವರ್ಷ. ಅಲ್ಲಿಯ ತನಕ ಯಾರೂ ನನಗೆ 'ನೀವು' ಅಂದಿರಲಿಲ್ಲ.